ಡೆಮೊ ಆಮೇಲೆ ನೋಡೋಣ, ಮೊದಲು ಕರಾರು ತೋರಿಸಿ

ಲಾರಿಗಳ ಓಡಾಟ, ಬಾಡಿಗೆಯ ಲೆಕ್ಕ ಇಡುವ ಸಾಗಣೆ ತಂತ್ರಾಂಶ ಕೊಳ್ಳುವವರ ಪಕ್ಕದಲ್ಲಿ ಕುಳಿತು ಡೆಮೊ ನೋಡಿ ನೋಡಿ ನನಗೆ ಅದೆಲ್ಲ ಬಾಯಿಪಾಠವಾಗಿದೆ. ಮೊದಲು ಭಾರತದ ನಕ್ಷೆ ಬರುತ್ತದೆ. ಅದರ ಮೇಲೆ ಹಸಿರು ಲಾರಿಗಳು ಇರುವೆ ಸಾಲಿನಂತೆ ಹರಿದಾಡುತ್ತವೆ. ಒಂದು ಲಾರಿ ಕೆಂಪಾಗುತ್ತದೆ. “ನೋಡಿ ಸರ್, ಈ ಗಾಡಿ ತುಮಕೂರಿನ ಹತ್ತಿರ ನಲವತ್ತು ನಿಮಿಷದಿಂದ ನಿಂತಿದೆ” ಎನ್ನುತ್ತಾನೆ ಮಾರಲು ಬಂದ ಹುಡುಗ. ಮಾಲೀಕರ ಕಣ್ಣು ಅರಳುತ್ತದೆ. ಡ್ರೈವರ್ ಊಟಕ್ಕೆ ನಿಂತಿರಬಹುದು ಎಂದು ನಾನು ಹೇಳಿದ್ದು ಯಾರ ಕಿವಿಗೂ ಬೀಳುವುದಿಲ್ಲ. ಗಾಡಿಯೊಂದಕ್ಕೆ ತಿಂಗಳಿಗೆ ಐವತ್ತು ರೂಪಾಯಿ ಇಳಿಸಿಕೊಂಡ ಖುಷಿಯಲ್ಲಿ, ಚಹಾ ಆರುವ ಮೊದಲೇ ಸಹಿ ಬೀಳುತ್ತದೆ.

ಯಾರೂ ಕೇಳದ ಪ್ರಶ್ನೆ ಒಂದಿದೆ. ನಾಳೆ ನಾನು ನಿಮ್ಮನ್ನು ಬಿಟ್ಟರೆ, ಅಥವಾ ನೀವೇ ಅಂಗಡಿ ಮುಚ್ಚಿದರೆ, ನನ್ನ ಲೆಕ್ಕ ನನಗೆ ಯಾವ ರೂಪದಲ್ಲಿ ವಾಪಸ್ ಸಿಗುತ್ತದೆ?

ಹೀಗೆ ಕೇಳಿ ಎಂದರೆ ನಮ್ಮವರಿಗೆ ಮುಜುಗರ. “ಶುರುವಿಗೆ ಮುಂಚೆಯೇ ಅಪಶಕುನ ನುಡಿಯಬೇಡಿ” ಎಂದು ಹುಬ್ಬಳ್ಳಿಯ ಹಿರಿಯ ಟ್ರಾನ್ಸ್‌ಪೋರ್ಟ್ ಮಾಲೀಕರೊಬ್ಬರು ನನ್ನನ್ನು ಗದರಿಸಿದ್ದರು. ಅವರೇ ಲಾರಿ ಕೊಳ್ಳುವಾಗ ಚಾಸಿಯ ಕೆಳಗೆ ಮಲಗಿ ಟಾರ್ಚ್ ಹಾಕಿ ನೋಡುವವರು.

ಸಾಗಣೆ ಮಾರುಕಟ್ಟೆಯಲ್ಲಿ ಬಾಡಿಗೆ ಏರಿಳಿದಂತೆ ಕಂಪನಿಗಳೂ ಏಳುತ್ತವೆ, ಬೀಳುತ್ತವೆ. ಸರಕಿಗೆ ಲಾರಿ ಹೊಂದಿಸಿಕೊಡುತ್ತಿದ್ದ ಅಮೆರಿಕದ ಕಾನ್ವಾಯ್ ಕಂಪನಿ 2022ರಲ್ಲಿ 380 ಕೋಟಿ ಡಾಲರ್ ಬೆಲೆ ಕಟ್ಟಿಸಿಕೊಂಡಿತ್ತು, 2023ರ ಅಕ್ಟೋಬರಿನಲ್ಲಿ ಬಾಗಿಲು ಹಾಕಿತು. ಅದರ ತಂತ್ರಾಂಶ ಫ್ಲೆಕ್ಸ್‌ಪೋರ್ಟ್ ಎಂಬ ಇನ್ನೊಂದು ಸಾಗಣೆ ಕಂಪನಿಯ ಪಾಲಾಯಿತು, 2025ರಲ್ಲಿ ಡ್ಯಾಟ್ (DAT) ಎಂಬ ಮತ್ತೊಂದರ ಕೈ ಸೇರಿತು. ನಮ್ಮಲ್ಲೂ ಹಾಗೆಯೇ. ಬೆಂಗಳೂರಿನ ಸಾಗಣೆ ಕಂಪನಿ ಸ್ಪಾಟಾನ್ 2021ರಲ್ಲಿ ಡೆಲ್ಹಿವರಿ (Delhivery) ಎಂಬ ಕಂಪನಿಯ ತೆಕ್ಕೆಗೆ ಹೋಯಿತು. ಡ್ರೈವರ್‌ಗಳನ್ನು ದಾರಿಯುದ್ದಕ್ಕೂ ಬದಲಿಸುವ ಪದ್ಧತಿಯಿಂದ ಹೆಸರಾಗಿದ್ದ ರಿವಿಗೋ ತನ್ನ ಎಕ್ಸ್‌ಪ್ರೆಸ್ ವ್ಯವಹಾರವನ್ನು 2022ರಲ್ಲಿ ಮಹೀಂದ್ರಾ ಲಾಜಿಸ್ಟಿಕ್ಸ್‌ಗೆ ಮಾರಿತು. ವ್ಯಾಪಾರದಲ್ಲಿ ಇದೆಲ್ಲ ಇದ್ದದ್ದೇ, ಯಾರನ್ನೂ ದೂರುತ್ತಿಲ್ಲ. ಆದರೆ ಬಾಡಿಗೆ ಬಿದ್ದಾಗ ಸಾಲ ತೀರಿದ ಲಾರಿಯ ಮಾಲೀಕ ಗಾಡಿ ನಿಲ್ಲಿಸಿ ಎರಡು ತಿಂಗಳು ಕಾಯಬಹುದು. ಹೂಡಿಕೆದಾರರ ಹಣದಲ್ಲಿ ನಡೆಯುವ ಕಂಪನಿಗೆ ಆ ಸೌಲಭ್ಯವಿಲ್ಲ.

ಬೆಳಗಾವಿಯ ಫೌಂಡ್ರಿಯೊಂದರ ಕಥೆ ಹೇಳುತ್ತೇನೆ. ಎರಕದ ಬಿಡಿಭಾಗಗಳು ಪುಣೆಗೂ ಚೆನ್ನೈಗೂ ವಾರವಿಡೀ ಹೋಗುತ್ತವೆ. ನಾಲ್ಕು ವರ್ಷದ ಲೆಕ್ಕವೆಲ್ಲ ಒಂದು ತಂತ್ರಾಂಶದಲ್ಲಿತ್ತು. ಆ ಕಂಪನಿಯನ್ನು ಇನ್ನೊಬ್ಬರು ಕೊಂಡರು, ಹಳೆಯ ತಂತ್ರಾಂಶವನ್ನು ಮೂರು ತಿಂಗಳಲ್ಲಿ ನಿಲ್ಲಿಸುವುದಾಗಿ ಇಮೇಲ್ ಬಂತು. ಲೆಕ್ಕ ಕೊಡಿ ಎಂದು ಕೇಳಿದ್ದಕ್ಕೆ ಕೊಟ್ಟರು, ಇಲ್ಲವೆನ್ನಲಿಲ್ಲ. ಪ್ರತಿ ಎಲ್‌ಆರ್‌ಗೆ (ಲಾರಿಗೆ ಸರಕು ಹೇರಿದಾಗ ಕೊಡುವ ರಸೀದಿ) ಒಂದೊಂದು ಪಿಡಿಎಫ್, ಸಾವಿರಾರು ಕಡತಗಳು, ಹೆಸರಿನ ಜಾಗದಲ್ಲಿ ಬರೀ ಸಂಖ್ಯೆ. ಕಳೆದ ದೀಪಾವಳಿಯ ವಾರ ಚೆನ್ನೈಗೆ ಟನ್ನಿಗೆ ಏನು ಬಾಡಿಗೆ ಕೊಟ್ಟಿದ್ದೆವು ಎಂದು ತಿಳಿಯಬೇಕಾದರೆ ಒಂದೊಂದನ್ನೂ ತೆರೆದು ಓದಬೇಕು.

ಕೊನೆಗೆ ಅವರನ್ನು ಕಾಪಾಡಿದ್ದು ಡಿಸ್ಪ್ಯಾಚ್ ಗುಮಾಸ್ತರ ಉದ್ದನೆಯ ನೋಟ್‌ಬುಕ್. ಕಂಪ್ಯೂಟರ್ ಬಂದ ಮೇಲೂ, ಬರೆಯಬೇಡಿ ಎಂದು ಹೇಳಿಸಿಕೊಂಡ ಮೇಲೂ ಅವರು ಬರೆಯುತ್ತಲೇ ಇದ್ದರು. ಗಾಡಿ ನಂಬರು, ತೂಕ, ಬಾಡಿಗೆ, ಅಡ್ವಾನ್ಸ್ ಎಲ್ಲವೂ ಅದರಲ್ಲಿತ್ತು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ “ಹಾಲ್ಟಿಂಗ್ 2 ದಿನ, ಕೊಟ್ಟಿಲ್ಲ” ಎಂಬಂಥ ಟಿಪ್ಪಣಿಗಳಿದ್ದವು. ಹಾಲ್ಟಿಂಗ್ ಎಂದರೆ ಗಾಡಿಯನ್ನು ಕಾಯಿಸಿದ್ದಕ್ಕೆ ಕೊಡಬೇಕಾದ ಹಣ. ಆ ಕೆಂಪು ಶಾಯಿ ನೋಡಿ ನನಗೆ ನಿಜಕ್ಕೂ ಹೊಟ್ಟೆ ತಣ್ಣಗಾಯಿತು.

ಆದ್ದರಿಂದ ಇನ್ನೊಮ್ಮೆ ಹೇಳುತ್ತೇನೆ, ಬೇಸರವಾದರೂ ಓದಿ. ಪಿಡಿಎಫ್ ಕೊಟ್ಟರೆ ಲೆಕ್ಕ ಕೊಟ್ಟಂತಲ್ಲ. ಪರದೆಯ ಮೇಲೆ ಕಾಣುವ ಬಣ್ಣಬಣ್ಣದ ವರದಿಯನ್ನು ಇಳಿಸಿಕೊಳ್ಳಲು ಬಂದರೂ ಲೆಕ್ಕ ಕೊಟ್ಟಂತಲ್ಲ, ಅದು ಅವರು ಕೂಡಿಸಿದ ಮೊತ್ತ. ನಿಮಗೆ ಬೇಕಾದದ್ದು ಒಂದು ಟ್ರಿಪ್ಪಿಗೆ ಒಂದು ಸಾಲು. ಎಲ್‌ಆರ್ ಸಂಖ್ಯೆ, ಗಾಡಿ ನಂಬರು, ಎಲ್ಲಿಂದ ಎಲ್ಲಿಗೆ, ತೂಕ, ಒಪ್ಪಿದ ಬಾಡಿಗೆ, ಎರಡೂ ಕಡೆ ಗೇಟಿನ ಒಳಗೆ ಬಂದ ಮತ್ತು ಹೊರಗೆ ಹೋದ ಹೊತ್ತು, ಪಿಒಡಿ (ಸರಕು ತಲುಪಿತೆಂದು ಸಹಿ ಮಾಡಿದ ಚೀಟಿ) ಕೈಸೇರಿದ ದಿನ, ಎಲ್ಲವೂ ಎಕ್ಸೆಲ್‌ನಲ್ಲಿ ತೆರೆದುಕೊಳ್ಳುವಂತೆ ಇರಬೇಕು, ಹಾಗೆ ಕೊಡುತ್ತೇವೆಂದು ಕರಾರಿನಲ್ಲೇ ಬರೆದಿರಬೇಕು. ಗೇಟಿನ ಹೊತ್ತು ಇಲ್ಲದಿದ್ದರೆ ಹಾಲ್ಟಿಂಗ್ ಜಗಳದಲ್ಲಿ ನಿಮ್ಮ ಮಾತಿಗೆ ಬೆಲೆಯಿಲ್ಲ. ಹಳೆಯ ಬಾಡಿಗೆ ಕೈಯಲ್ಲಿಲ್ಲದಿದ್ದರೆ ದಲ್ಲಾಳಿ ಹೇಳಿದ್ದೇ ಮಾರುಕಟ್ಟೆ ದರ. ಜಿಎಸ್‌ಟಿ ಕಾನೂನಿನ ಪ್ರಕಾರ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ಅಧಿಕಾರಿ ಬಂದು ಕೇಳುವುದು ನಿಮ್ಮನ್ನು. ತಂತ್ರಾಂಶದ ಕಂಪನಿ ಮುಚ್ಚಿತು ಎಂಬ ಉತ್ತರ ಅವರ ಮುಂದೆ ನಡೆಯುತ್ತದೆಂದು ನನಗೆ ಅನ್ನಿಸುವುದಿಲ್ಲ. ನಾನು ವಕೀಲನಲ್ಲ, ಕರಾರಿನ ಒಕ್ಕಣೆಯನ್ನು ನಿಮ್ಮ ವಕೀಲರಿಗೂ ಲೆಕ್ಕಪರಿಶೋಧಕರಿಗೂ ತೋರಿಸಿ.

ಪರೀಕ್ಷೆ ಸುಲಭ. ಪ್ರಾಯೋಗಿಕ ಬಳಕೆಗೆ ಒಂದು ತಿಂಗಳು ಕೊಡುತ್ತಾರಲ್ಲ, ಆ ತಿಂಗಳ ಕೊನೆಗೆ ಎಲ್ಲ ಟ್ರಿಪ್ಪುಗಳನ್ನು ಅವರ ಸಹಾಯ ಕೇಳದೆ ನಿಮ್ಮ ಗುಮಾಸ್ತರೇ ಹೊರತೆಗೆಯಲಿ, ಬಾಡಿಗೆ ಕೂಡಿಸಿ ಖಾತೆಯೊಂದಿಗೆ ತಾಳೆ ನೋಡಲಿ. ತಾಳೆಯಾಗದಿದ್ದರೆ ಅಥವಾ ಹೊರತೆಗೆಯಲು “ಟೆಕ್ನಿಕಲ್ ಟೀಮಿಗೆ ಹೇಳುತ್ತೇವೆ ಸರ್” ಎಂದರೆ ಅಲ್ಲಿಗೆ ನಿಲ್ಲಿಸಿ. ಶಿರಾಡಿ ಘಾಟಿಯಂಥ ನೆಟ್‌ವರ್ಕ್ ಕೈಕೊಡುವ ಕಡೆ ಗಾಡಿಯಲ್ಲಿರುವ ಜಿಪಿಎಸ್ ಸಾಧನ ಮಾಹಿತಿಯನ್ನು ಕೂಡಿಟ್ಟು ಆಮೇಲೆ ಕಳಿಸುತ್ತದೆಯೇ ಎಂಬುದನ್ನೂ ಕೇಳಬಹುದು, ಆದರೆ ಈಗ ಬಹುತೇಕರು ಅದನ್ನು ಸರಿಯಾಗಿಯೇ ಮಾಡುತ್ತಾರೆ. ನೂರಾರು ಗಾಡಿಗಳಿದ್ದು ಸ್ವಂತ ಕಂಪ್ಯೂಟರ್ ವಿಭಾಗ ಇಟ್ಟುಕೊಂಡವರಿಗೆ ಈ ಅಂಕಣದ ಅಗತ್ಯ ಅಷ್ಟಾಗಿ ಇರಲಿಕ್ಕಿಲ್ಲ. ನಾನು ಹೇಳುತ್ತಿರುವುದು ಹತ್ತು-ಇಪ್ಪತ್ತು ಗಾಡಿಯವರಿಗೆ, ತಿಂಗಳಿಗೆ ನೂರೈವತ್ತು ಲೋಡ್ ಕಳಿಸುವ ಕಾರ್ಖಾನೆಯವರಿಗೆ.

ಹುಬ್ಬಳ್ಳಿಯ ಆ ಹಿರಿಯರು ಮೊನ್ನೆ ಫೋನ್ ಮಾಡಿದ್ದರು. ಮೂರು ಕಂಪನಿಯವರು ಡೆಮೊ ಕೊಡಲು ಬರುತ್ತಿದ್ದಾರಂತೆ, ಊಟಕ್ಕೆ ಅಲ್ಲೇ ಬನ್ನಿ ಎಂದರು. ಮೂವರ ಕರಾರನ್ನೂ ಮೊದಲು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ಎಂದೆ. ಈವರೆಗೆ ಒಂದು ಬಂದಿದೆ, ಅದರಲ್ಲೂ ಕೊನೆಯ ಎರಡು ಪುಟಗಳಿಲ್ಲ.