ಚಂದ್ರ ಭೂಮಿಗೆ ಬಂದು ಬಡಿದರೆ? ಲೆಕ್ಕ ಹಾಕಿಯೇ ನೋಡೋಣ

ಈ ಪ್ರಶ್ನೆ ಕೇಳಿದ ಕೂಡಲೇ "ಭೂಮಿ ಚೂರುಚೂರಾಗುತ್ತದೆ" ಅನ್ನುವ ಉತ್ತರ ಬಂದುಬಿಡುತ್ತದೆ. ಆದರೆ ಹಾಗೆ ಆಗುವುದಿಲ್ಲ. ಚಂದ್ರ ಮೆಲ್ಲಮೆಲ್ಲಗೆ ಹತ್ತಿರ ಸರಿಯುತ್ತಾ ಬಂದರಂತೂ ಡಿಕ್ಕಿಯೇ ನಡೆಯುವುದಿಲ್ಲ. ಏನಾಗುತ್ತದೆ ಅನ್ನುವುದೆಲ್ಲ ಅವನು ಯಾವ ದಾರಿಯಲ್ಲಿ ಬರುತ್ತಾನೆ ಅನ್ನುವುದರ ಮೇಲೆ ನಿಂತಿದೆ. ಗುರುತ್ವಾಕರ್ಷಣೆಯ ಪಾಠ ಓದಿದವರಿಗೆ ಈ ಲೆಕ್ಕ ಕಷ್ಟವಲ್ಲ.

ಬೇಕಾದ ಅಂಕಿಗಳು ಇಷ್ಟೇ. ಚಂದ್ರನ ಸರಾಸರಿ ದೂರ 3,84,400 ಕಿ.ಮೀ., ವ್ಯಾಸ 3,474 ಕಿ.ಮೀ., ದ್ರವ್ಯರಾಶಿ 7.35 × 10²² ಕೆ.ಜಿ. (ಭೂಮಿಯ 81ರಲ್ಲಿ ಒಂದು ಪಾಲು), ಕಕ್ಷೆಯಲ್ಲಿ ಅವನ ವೇಗ ಸೆಕೆಂಡಿಗೆ 1.02 ಕಿ.ಮೀ.

ಮೊದಲು ಒಂದು ವಿಷಯ ತಲೆಯಲ್ಲಿ ಕೂರಬೇಕು: ಚಂದ್ರ ಈಗಲೂ ಬೀಳುತ್ತಲೇ ಇದ್ದಾನೆ. ಅವನ ದೂರ ಭೂಮಿಯ ತ್ರಿಜ್ಯದ ಸುಮಾರು 60 ಪಟ್ಟು, ಹಾಗಾಗಿ ಅಲ್ಲಿ ಭೂಮಿಯ ಸೆಳೆತ ನೆಲದ ಮೇಲಿನದ್ದರ 3,600ರಲ್ಲಿ ಒಂದು ಪಾಲು. ನೆಲದ ಮೇಲಿನ ಗುರುತ್ವ ವೇಗೋತ್ಕರ್ಷ 9.8ನ್ನು 3,600ರಿಂದ ಭಾಗಿಸಿದರೆ 0.0027 ಮೀ./ಸೆ.², ಒಂದು ಸೆಕೆಂಡಿನ ಬೀಳುವಿಕೆ ಅದರ ಅರ್ಧ. ಅಂದರೆ ಪ್ರತಿ ಸೆಕೆಂಡಿಗೆ ಅವನು ನಮ್ಮ ಕಡೆಗೆ ಸುಮಾರು 1.4 ಮಿ.ಮೀ. ಬೀಳುತ್ತಾನೆ. ಅದೇ ಸೆಕೆಂಡಿನಲ್ಲಿ ಪಕ್ಕಕ್ಕೆ ಒಂದು ಕಿಲೋಮೀಟರ್ ಓಡಿರುತ್ತಾನೆ. ಬಿದ್ದೂ ಬಿದ್ದೂ ಗುರಿ ತಪ್ಪುತ್ತಲೇ ಇರುವುದಕ್ಕೆ ನಾವು ಕಕ್ಷೆ ಅನ್ನುತ್ತೇವೆ. ಡಿಕ್ಕಿ ಆಗಬೇಕಾದರೆ ಪಕ್ಕದ ಈ ಓಟ ನಿಲ್ಲಬೇಕು. ನಿಲ್ಲಿಸುವ ಕೆಲಸ ಸಣ್ಣದಲ್ಲ, ಸುಮಾರು 3.8 × 10²⁸ ಜೂಲ್ ಚಲನಶಕ್ತಿಯನ್ನು ಕಸಿಯಬೇಕು. ಕೋನೀಯ ಸಂವೇಗ (ಸುತ್ತುವ ಚಲನೆಯ ಸಂವೇಗ) ತಾನಾಗಿ ಮಾಯವಾಗುವ ವಸ್ತುವಲ್ಲ. "ಚಂದ್ರ ಕಕ್ಷೆ ತಪ್ಪಿ ಬಿದ್ದರೆ" ಎಂದು ಸಲೀಸಾಗಿ ಹೇಳುವವರು ಹಾರಿಸಿಬಿಡುವುದು ಈ ಹೆಜ್ಜೆಯನ್ನೇ.

ದಾರಿ ಒಂದು: ಗಕ್ಕನೆ ನಿಂತರೆ

ಯಾವುದೋ ಮಾಯೆಯಿಂದ ಆ ಓಟ ನಿಂತಿತು ಅಂದುಕೊಳ್ಳೋಣ. ಆಗ ಅವನು ನೆಟ್ಟಗೆ ಬೀಳುತ್ತಾನೆ. ಎಷ್ಟು ದಿನ ಬೇಕು? ಕೆಪ್ಲರನ ಮೂರನೇ ನಿಯಮದಿಂದ (ಸುತ್ತುವ ಕಾಲದ ವರ್ಗ ಕಕ್ಷೆಯ ಅರ್ಧ ಅಕ್ಷದ ಘನಕ್ಕೆ ಅನುಪಾತದಲ್ಲಿರುತ್ತದೆ) ಒಂದು ಚಂದದ ಉಪಾಯ ಸಿಗುತ್ತದೆ: ನೇರ ಬೀಳುವಿಕೆಯನ್ನು ತೀರಾ ಚಪ್ಪಟೆಯಾದ ದೀರ್ಘವೃತ್ತದ ಅರ್ಧ ಸುತ್ತು ಎಂದು ನೋಡಿ. ಆ ದೀರ್ಘವೃತ್ತದ ಅರ್ಧ ಅಕ್ಷ ಈಗಿನ ದೂರದ ಅರ್ಧ. ಹಾಗಾಗಿ ಈಗಿನ ಪರಿಭ್ರಮಣ ಕಾಲ 27.3 ದಿನಗಳನ್ನು 4√2ರಿಂದ ಭಾಗಿಸಿದರೆ ಮುಗಿಯಿತು, 4.8 ದಿನ.

ಆದರೆ ಈ 4.8 ದಿನ ಸಮನಾಗಿ ಹಂಚಿಕೆಯಾಗುವುದಿಲ್ಲ. ಮೊದಲ ಅರ್ಧ ದೂರಕ್ಕೇ ಸುಮಾರು 4 ದಿನ ಹೋಗುತ್ತದೆ. ಮೊದಲ ದಿನ ಬರಿಗಣ್ಣಿಗೆ ವ್ಯತ್ಯಾಸವೇ ತಿಳಿಯದು. ಉಳಿದರ್ಧವನ್ನು ಅವನು ಒಂದು ದಿನಕ್ಕೂ ಕಡಿಮೆ ಹೊತ್ತಿನಲ್ಲಿ ಮುಗಿಸುತ್ತಾನೆ. ಕೊನೆಯ 38,000 ಕಿ.ಮೀ. ದೂರಕ್ಕೆ ಹಿಡಿಯುವುದು ಒಂದೂವರೆ ಗಂಟೆಯಷ್ಟೇ.

ಈ ನಡುವೆ ಸಮುದ್ರದ ಗತಿ? ಉಬ್ಬರವಿಳಿತದ ಬಲ ದೂರದ ಘನಕ್ಕೆ ವಿಲೋಮವಾಗಿ ಬದಲಾಗುತ್ತದೆ. ದೂರ ಅರ್ಧವಾದರೆ ಬಲ 8 ಪಟ್ಟು, ಹತ್ತನೇ ಒಂದು ಪಾಲಾದರೆ 1,000 ಪಟ್ಟು. ಇಂದು ತೆರೆದ ಸಾಗರದಲ್ಲಿ ಚಂದ್ರನಿಂದಾಗುವ ಏರಿಳಿತ ಅರ್ಧ ಮೀಟರಿನ ಆಸುಪಾಸು, ಹಾಗಾಗಿ ಸೂತ್ರ 500 ಮೀಟರ್ ಅನ್ನುತ್ತದೆ. ಈ ಸಂಖ್ಯೆಯನ್ನು ಅಕ್ಷರಶಃ ನಂಬಬೇಡಿ. ಒಂದೆರಡು ಗಂಟೆಯಲ್ಲಿ ಅಷ್ಟು ನೀರು ಸಾಗರದ ಆಚೆಯಿಂದ ಈಚೆಗೆ ಬರಲಾರದು. ಆದರೆ ಕರಾವಳಿಗಳ ಪಾಡು ಡಿಕ್ಕಿಗೆ ಮುಂಚೆಯೇ ಮುಗಿದಿರುತ್ತದೆ. ಗಟ್ಟಿ ನೆಲವೂ ಇದೇ ಬಲಕ್ಕೆ ಸಿಕ್ಕಿ ಹಿಗ್ಗಿ ಕುಗ್ಗುತ್ತದೆ, ಭೂಕಂಪಗಳು ಬೆನ್ನುಹತ್ತುತ್ತವೆ.

ಈಗ ಬಡಿತದ ಲೆಕ್ಕ. ಎರಡರ ಮೈ ತಾಗುವಾಗ ಕೇಂದ್ರಗಳ ನಡುವಿನ ಅಂತರ ಸುಮಾರು 8,100 ಕಿ.ಮೀ. ಶಕ್ತಿ ಸಂರಕ್ಷಣೆಯ ಸಮೀಕರಣಕ್ಕೆ ಇದನ್ನು ಹಾಕಿದರೆ ವೇಗ ಸೆಕೆಂಡಿಗೆ 9.8 ಕಿ.ಮೀ. ಬರುತ್ತದೆ. ಭೂಮಿಯೂ ತುಸು ಅವನ ಕಡೆ ಸರಿಯುವುದರಿಂದ ಶೇಕಡಾ ಒಂದರಷ್ಟು ತಿದ್ದುಪಡಿ ಬೇಕು, ಬಿಟ್ಟುಬಿಡೋಣ. ಚಲನಶಕ್ತಿ:

½ × 7.35 × 10²² × (9,800)² ≈ 3.5 × 10³⁰ ಜೂಲ್

ಒಂಟಿಯಾಗಿ ನೋಡಿದರೆ ಈ ಸಂಖ್ಯೆಗೆ ಅರ್ಥವಿಲ್ಲ, ಬೇರೆ ಶಕ್ತಿಗಳ ಪಕ್ಕದಲ್ಲಿಟ್ಟು ನೋಡಬೇಕು. ಭೂಮಿಯನ್ನು ಪೂರ್ತಿ ಬಿಚ್ಚಿ, ಮತ್ತೆ ಒಂದಾಗದಂತೆ ಚದುರಿಸಲು ಬೇಕಾದ ಶಕ್ತಿ (ಗುರುತ್ವ ಬಂಧನ ಶಕ್ತಿ) ಸರಳ ಸೂತ್ರದ ಪ್ರಕಾರ 2.2 × 10³² ಜೂಲ್. ಡಿಕ್ಕಿಯ ಶಕ್ತಿ ಅದರ ಶೇಕಡಾ 1.6 ಮಾತ್ರ. ಆದ್ದರಿಂದ ಭೂಮಿ ಒಡೆದು ಹೋಗುವುದಿಲ್ಲ, ಚಂದ್ರನನ್ನು ನುಂಗಿಕೊಂಡು ಗ್ರಹವಾಗಿಯೇ ಉಳಿಯುತ್ತದೆ.

ಗ್ರಹ ಉಳಿಯುತ್ತದೆ, ಅದರ ಮೇಲಿರುವುದು ಯಾವುದೂ ಉಳಿಯುವುದಿಲ್ಲ. ಸಾಗರಗಳಲ್ಲಿರುವುದು 1.4 × 10²¹ ಕೆ.ಜಿ. ನೀರು. ಅಷ್ಟನ್ನೂ ಕುದಿಸಿ ಆವಿ ಮಾಡಲು 3.6 × 10²⁷ ಜೂಲ್ ಸಾಕು, ಅಂದರೆ ನಮ್ಮ ಕೈಯಲ್ಲಿರುವ ಶಕ್ತಿಯ ಸಾವಿರದಲ್ಲಿ ಒಂದು ಪಾಲು. 6.6 ಕೋಟಿ ವರ್ಷಗಳ ಹಿಂದೆ ಡೈನೋಸಾರ್‌ಗಳ ಕಾಲ ಮುಗಿಸಿದ ಚಿಕ್ಸುಲುಬ್ ಕ್ಷುದ್ರಗ್ರಹದ ಹೊಡೆತಕ್ಕೆ ಹೋಲಿಸಿದರೆ ಇದು ಕೋಟಿ ಪಟ್ಟಿನ ಆಸುಪಾಸು. ಅಷ್ಟೂ ಶಕ್ತಿಯನ್ನು ಇಡೀ ಭೂಮಿಯ 6 × 10²⁴ ಕೆ.ಜಿ.ಗೆ ಸಮನಾಗಿ ಹಂಚಿದರೂ ತಾಪ ಸರಾಸರಿ 600 ಡಿಗ್ರಿ ಏರುತ್ತದೆ. ನಿಜದಲ್ಲಿ ಹೆಚ್ಚಿನ ಪಾಲು ಮೇಲ್ಪದರಗಳಲ್ಲೇ ಉಳಿಯುತ್ತದೆ.

ಬಡಿದ ಜಾಗವನ್ನು ಹತ್ತಿರದಿಂದ ನೋಡೋಣ. ಭೂಮಿಯ ಹೊದಿಕೆಯ (ತೊಗಟೆಯ ಕೆಳಗಿನ ದಪ್ಪ ಶಿಲಾಪದರದ) ಮೇಲ್ಭಾಗದ ಶಿಲೆಯಲ್ಲಿ ಶಬ್ದ ಸಾಗುವ ವೇಗ ಸೆಕೆಂಡಿಗೆ ಸುಮಾರು 8 ಕಿ.ಮೀ. ಚಂದ್ರ ಬರುತ್ತಿರುವುದು ಅದಕ್ಕಿಂತ ಜೋರಾಗಿ. ಮುಂದಿನ ಶಿಲೆಗೆ "ಪಕ್ಕಕ್ಕೆ ಸರಿ" ಅನ್ನುವ ಸುದ್ದಿ ಮುಟ್ಟುವ ಮೊದಲೇ ಚಂದ್ರ ಮುಟ್ಟಿರುತ್ತಾನೆ. ಸರಿಯಲು ಆಗದ ಶಿಲೆ ಆಘಾತ ತರಂಗಕ್ಕೆ ಸಿಕ್ಕಿ ಹಿಂಡಿಹೋಗುತ್ತದೆ, ಒತ್ತಡ ಬಿಟ್ಟೊಡನೆ ಕರಗುತ್ತದೆ, ಒಂದಷ್ಟು ನೇರವಾಗಿ ಆವಿಯಾಗುತ್ತದೆ. ಅವನ ಪೂರ್ತಿ ವ್ಯಾಸ ಒಳಹೋಗಲು ಆರು ನಿಮಿಷದಷ್ಟು ಹೊತ್ತು. ಆಮೇಲೆ ನೆಲವೆಂದರೆ ಶಿಲಾಪಾಕದ ಕಡಲು, ಗಾಳಿಯೆಂದರೆ ಶಿಲೆಯ ಆವಿ.

ದಾರಿ ಎರಡು: ಸುತ್ತುತ್ತಾ ಒಳಗೆ ಬಂದರೆ

ನನಗೆ ಹೆಚ್ಚು ಸ್ವಾರಸ್ಯ ಕಾಣುವುದು ಇಲ್ಲಿ. ಸಿನಿಮಾದವರಿಗೆ ಮೊದಲ ದಾರಿಯೇ ಇಷ್ಟವಾದೀತು, ಆದರೆ ಸೌರವ್ಯೂಹದಲ್ಲಿ ನಿಜವಾಗಿ ನಡೆಯುವುದು ಎರಡನೆಯದು.

ಚಂದ್ರನ ಒಂದು ಮಗ್ಗುಲು ಭೂಮಿಗೆ ಹತ್ತಿರ, ಇನ್ನೊಂದು ದೂರ. ಹತ್ತಿರದ ಮಗ್ಗುಲಿಗೆ ಸೆಳೆತ ಹೆಚ್ಚು. ಈ ವ್ಯತ್ಯಾಸ ಚಂದ್ರನ ಸ್ವಂತ ಗುರುತ್ವವನ್ನು ಮೀರಿದ ದಿನ ಅವನು ಬಿಚ್ಚಿಕೊಳ್ಳುತ್ತಾನೆ. ಆ ಗಡಿಗೆ ರೋಶ್ ಮಿತಿ ಎಂದು ಹೆಸರು. ಫ್ರಾನ್ಸಿನ ಎದ್ವಾರ್ ರೋಶ್ 1848ರಲ್ಲಿ ಕೊಟ್ಟ ಲೆಕ್ಕ ಇದು:

ಮಿತಿ = 2.44 × ಗ್ರಹದ ತ್ರಿಜ್ಯ × (ಗ್ರಹದ ಸಾಂದ್ರತೆ ÷ ಉಪಗ್ರಹದ ಸಾಂದ್ರತೆ)ಯ ಘನಮೂಲ

ತ್ರಿಜ್ಯ 6,371 ಕಿ.ಮೀ., ಸಾಂದ್ರತೆಗಳು 5.51 ಮತ್ತು 3.34. ಉತ್ತರ ಸುಮಾರು 18,400 ಕಿ.ಮೀ., ಅದೂ ಭೂಮಿಯ ಕೇಂದ್ರದಿಂದ. ಅಂಚಿನಲ್ಲಿರುವ ಚಂದ್ರನಿಗೆ ಒಂದು ಸುತ್ತಿಗೆ 7 ಗಂಟೆಯೂ ಬೇಡ. ಭೂಮಿ ತಿರುಗುವುದಕ್ಕಿಂತ ಅವನೇ ವೇಗವಾಗಿ ಸುತ್ತುವುದರಿಂದ ಪಶ್ಚಿಮದಲ್ಲಿ ಹುಟ್ಟಿ ಪೂರ್ವದಲ್ಲಿ ಮುಳುಗುತ್ತಾನೆ. ನೆತ್ತಿಯ ಮೇಲಿದ್ದಾಗ ಈಗಿನದಕ್ಕಿಂತ 30 ಪಟ್ಟಿಗೂ ಅಗಲ. ಪ್ರತಿ ಸುತ್ತಿನಲ್ಲೂ ಭೂಮಿಯ ಯಾವುದೋ ಒಂದು ಕಡೆ ಸೂರ್ಯಗ್ರಹಣ.

ಮಿತಿ ದಾಟಿದ ಮೇಲೆ ಚಂದ್ರನ ಚೂರುಗಳು ಉಂಗುರವಾಗಿ ಹರಡುತ್ತವೆ. ಶನಿಯ ಉಂಗುರದಂತೆ ತಣ್ಣಗಿರುತ್ತದೆ ಅಂದುಕೊಳ್ಳಬೇಡಿ. ಕ್ಷುದ್ರಗ್ರಹ ಪಟ್ಟಿಯ ಒಟ್ಟು ದ್ರವ್ಯರಾಶಿಯೇ ಚಂದ್ರನ ಶೇಕಡಾ 3ರಷ್ಟು. ಇಲ್ಲಿ ಅದರ 30 ಪಟ್ಟು ಸರಕು ತಲೆಯ ಮೇಲೆ ತಿರುಗುತ್ತಾ, ಒಂದಕ್ಕೊಂದು ಉಜ್ಜಿ ವೇಗ ಕಳೆದುಕೊಂಡು ವಾತಾವರಣಕ್ಕೆ ಇಳಿಯುತ್ತಿರುತ್ತದೆ. ಜೀವಿಗಳ ಮಟ್ಟಿಗೆ ಫಲಿತಾಂಶ ಅದೇ. ಮೊದಲ ದಾರಿಯಲ್ಲಿ ನಿಮಿಷಗಳಲ್ಲಿ ಮುಗಿದದ್ದು ಇಲ್ಲಿ ಎಳೆದುಕೊಂಡು ಹೋಗುತ್ತದೆ, ಅಷ್ಟೇ.

ಹಾಗಾದರೆ ನೇರ ಬಿದ್ದಾಗ ಇದೇ ಮಿತಿ ಚಂದ್ರನನ್ನು ಏಕೆ ಒಡೆಯಲಿಲ್ಲ? ಸಮಯ ಸಾಲಲಿಲ್ಲ. ಮಿತಿಯಿಂದ ನೆಲಕ್ಕೆ ಸುಮಾರು 20 ನಿಮಿಷದ ದಾರಿ. ಅಷ್ಟರಲ್ಲಿ ಉದ್ದಕ್ಕೆ ಹಿಗ್ಗಿಯಾನು, ಚೆದುರಲಾರ.

ನಿಜದಲ್ಲಿ ಚಂದ್ರ ಹೋಗುತ್ತಿರುವುದು ಆಚೆಗೆ, ವರ್ಷಕ್ಕೆ 3.8 ಸೆಂ.ಮೀ. ಅಪೋಲೋ ಯಾತ್ರಿಗಳು 1969ರಿಂದ ಅಲ್ಲಿಟ್ಟುಬಂದ ಪ್ರತಿಫಲಕಗಳಿಗೆ ಲೇಸರ್ ಹಾಯಿಸಿ ಅಳೆದದ್ದು. ಭೂಮಿ ಅವನಿಗಿಂತ ಬೇಗ ತಿರುಗುವುದರಿಂದ ಉಬ್ಬರದ ಉಬ್ಬು ಅವನಿಗಿಂತ ಮುಂದೆ ಇದ್ದು ಅವನನ್ನು ಮುಂದಕ್ಕೆ ಎಳೆಯುತ್ತದೆ. ಒಂದು ಸುತ್ತಿಗೆ ಭೂಮಿಯ ಒಂದು ತಿರುಗುವಿಕೆಯಷ್ಟೇ ಹೊತ್ತು ಹಿಡಿಯುವ ದೂರ 42,164 ಕಿ.ಮೀ.; ಅದರ ಒಳಗಿದ್ದಿದ್ದರೆ ಇದು ತಲೆಕೆಳಗಾಗಿ, ಅದೇ ಉಬ್ಬು ಹಿಂದಕ್ಕೆ ಜಗ್ಗಿ ಅವನನ್ನು ಕೆಳಗಿಳಿಸುತ್ತಿತ್ತು.

ಅಂಥ ಸ್ಥಿತಿಯಲ್ಲಿರುವುದು ಮಂಗಳನ ಉಪಗ್ರಹ ಫೋಬೋಸ್. ಕೇಂದ್ರದಿಂದ 9,376 ಕಿ.ಮೀ. ದೂರದಲ್ಲಿ, 7 ಗಂಟೆ 39 ನಿಮಿಷಕ್ಕೊಂದು ಸುತ್ತು ಹಾಕುತ್ತಾ, ನೂರು ವರ್ಷಕ್ಕೆ ಸುಮಾರು 1.8 ಮೀಟರ್ ಕೆಳಗಿಳಿಯುತ್ತಿದೆ. ಮೇಲಿನ ಸೂತ್ರವನ್ನು ಇದಕ್ಕೂ ಹಾಕಿ ನೋಡಿ: ಮಂಗಳನ ತ್ರಿಜ್ಯ 3,390 ಕಿ.ಮೀ., ಸಾಂದ್ರತೆ 3.93, ಫೋಬೋಸ್‌ನದು 1.87. ಸುಮಾರು 10,600 ಕಿ.ಮೀ. ಬರುತ್ತದೆ. ಅಂದರೆ ಅದು ಈಗಾಗಲೇ ಮಿತಿಯ ಒಳಗಿದೆ! ಲೆಕ್ಕ ತಪ್ಪಿಲ್ಲ. 2.44 ಅನ್ನುವ ಗುಣಕ, ಉಪಗ್ರಹಕ್ಕೆ ದ್ರವದಂತೆ ಬಿಗಿಯೇ ಇಲ್ಲ ಎಂದು ಊಹಿಸಿಕೊಂಡದ್ದು. ಫೋಬೋಸ್ ಅನ್ನು ಸದ್ಯಕ್ಕೆ ಒಂದಾಗಿ ಹಿಡಿದಿರುವುದು ಅದರೊಳಗಿನ ಆ ಬಿಗಿಯೇ. ಇನ್ನು 5 ಕೋಟಿ ವರ್ಷಗಳ ಆಸುಪಾಸಿನಲ್ಲಿ ಅದು ಮಂಗಳಕ್ಕೆ ಬಡಿಯುತ್ತದೆಯೋ, ಅದಕ್ಕೂ ಮೊದಲೇ ಉಂಗುರವಾಗುತ್ತದೆಯೋ ಅನ್ನುವುದನ್ನು ತೀರ್ಮಾನಿಸುವುದೂ ಅದೇ.