ಎಎಂ5 ಮದರ್‌ಬೋರ್ಡ್ ಆರಿಸುವ ಮುಂಚೆ ಏನೇನು ನೋಡಬೇಕು

ಎಎಂ5 ಅಂದರೆ ಎಎಂಡಿ ಕಂಪನಿಯ ರೈಜನ್ ಪ್ರೊಸೆಸರ್ ಕೂರುವ ಸಾಕೆಟ್. ಅದಿರುವ ಬೋರ್ಡ್ ಕೊಳ್ಳುವಾಗ ಬಾಕ್ಸ್ ಮೇಲಿನ ಚಿತ್ರ ಆಮೇಲೆ ನೋಡೋಣ. ಮೊದಲು ಬೋರ್ಡಿನ ಮ್ಯಾನುಯಲ್ ಡೌನ್‌ಲೋಡ್ ಮಾಡಿಕೊಳ್ಳಿ. ಯಾವ ಸ್ಲಾಟಿಗೆ ಡೇಟಾ ಓಡಾಡುವ ದಾರಿ ಎಲ್ಲಿಂದ ಬರುತ್ತದೆ ಅನ್ನುವುದು ಅದರಲ್ಲಿ ಇರುತ್ತದೆ.

ನನಗೆ ಇದು ಗೊತ್ತಾಗಿದ್ದು ತಡವಾಗಿ. ಹಳೆಯ ಬೋರ್ಡಿಗೆ ಎರಡನೇ ಎಂ.2 ಎಸ್‌ಎಸ್‌ಡಿ (ಬೋರ್ಡಿಗೇ ಸಿಕ್ಕಿಸುವ ಚಪ್ಪಟೆ ಡಿಸ್ಕ್) ಹಾಕಿದ ದಿನ, ಸಾಟಾ ಕೇಬಲ್‌ನಲ್ಲಿ ಜೋಡಿಸಿದ್ದ ಹಾರ್ಡ್ ಡಿಸ್ಕ್ ಕಾಣಿಸದೆ ಹೋಯಿತು. ಡಿಸ್ಕೇ ಸತ್ತಿದೆ ಅಂದುಕೊಂಡು ಕೇಬಲ್ ಬದಲಿಸಿದೆ, ಒಂದು ರಾತ್ರಿಯೆಲ್ಲ ತಲೆ ಕೆಡಿಸಿಕೊಂಡೆ. ಕೊನೆಗೆ ಮ್ಯಾನುಯಲ್‌ನಲ್ಲಿ ಒಂದು ಸಾಲು ಸಿಕ್ಕಿತು: ಆ ಎಂ.2 ಬಳಸಿದರೆ 5 ಮತ್ತು 6ನೇ ಸಾಟಾ ಪೋರ್ಟ್ ಕೆಲಸ ಮಾಡುವುದಿಲ್ಲ. ಎರಡಕ್ಕೂ ಒಂದೇ ದಾರಿ.

ಆದ್ದರಿಂದ ಲೇನ್ ಲೆಕ್ಕ ಮೊದಲು, ಅಂದರೆ ಪ್ರೊಸೆಸರಿನಿಂದ ಹೊರಡುವ ಪಿಸಿಐಇ ಅನ್ನುವ ಡೇಟಾ ದಾರಿಗಳ ಲೆಕ್ಕ. 2022ರಲ್ಲಿ ಬಂದ ರೈಜನ್ 7000 ಡೆಸ್ಕ್‌ಟಾಪ್ ಪ್ರೊಸೆಸರುಗಳಲ್ಲಿ 28 ಪಿಸಿಐಇ ಲೇನ್ ಇವೆ. 16 ಗ್ರಾಫಿಕ್ಸ್ ಕಾರ್ಡಿಗೆ, 4 ಚಿಪ್‌ಸೆಟ್‌ಗೆ (ಬೋರ್ಡಿನ ಉಳಿದ ಪೋರ್ಟುಗಳನ್ನು ನೋಡಿಕೊಳ್ಳುವ ಚಿಪ್). ಉಳಿದ 8 ಸಾಮಾನ್ಯವಾಗಿ ಎರಡು ಎಂ.2 ಸ್ಲಾಟಿಗೆ. ಸಾಟಾ, ನೆಟ್‌ವರ್ಕ್, ಹೆಚ್ಚಿನ ಯುಎಸ್‌ಬಿ, ಮಿಕ್ಕ ಎಂ.2 ಎಲ್ಲ ಚಿಪ್‌ಸೆಟ್ ಮೂಲಕವೇ ಬರಬೇಕು. ಪ್ರೊಸೆಸರಿಗೂ ಚಿಪ್‌ಸೆಟ್‌ಗೂ ನಡುವಿನ ಆ ಕೊಂಡಿ ಪಿಸಿಐಇ ನಾಲ್ಕನೇ ತಲೆಮಾರಿನ (ಜೆನ್4) ವೇಗದ್ದು, ಸೆಕೆಂಡಿಗೆ ಸುಮಾರು 8 ಜಿಬಿ.

ಎಕ್ಸ್670ಇ ಅನ್ನುವ ಚಿಪ್‌ಸೆಟ್‌ನ ಬೋರ್ಡಿನಲ್ಲಿ ಎರಡು ಚಿಪ್ ಇದೆ, ಹಾಗಾಗಿ ದಾರಿಯೂ ದೊಡ್ಡದು ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗಿಲ್ಲ. ಎರಡನೆಯದು ಮೊದಲನೆಯದರ ಬೆನ್ನಿಗೆ ಕೂತಿದೆ. ಪೋರ್ಟುಗಳು ಜಾಸ್ತಿ ಸಿಗುತ್ತವೆ, ಪ್ರೊಸೆಸರ್‌ವರೆಗಿನ ದಾರಿ ಅದೇ ಅಗಲ. ಎರಡು ಜೆನ್4 ಎಸ್‌ಎಸ್‌ಡಿಗಳನ್ನು ಚಿಪ್‌ಸೆಟ್ ಕಡೆ ಹಾಕಿ ಒಟ್ಟಿಗೆ ಓದಿದರೆ ಆ 8 ಜಿಬಿಯನ್ನೇ ಹಂಚಿಕೊಳ್ಳಬೇಕು. ವೇಗದ ಎಸ್‌ಎಸ್‌ಡಿಯನ್ನು ಪ್ರೊಸೆಸರಿಗೆ ನೇರ ಸೇರುವ ಸ್ಲಾಟಿಗೇ ಹಾಕಿ. ಸಾಮಾನ್ಯವಾಗಿ ಅದು ಸಾಕೆಟ್ ಪಕ್ಕದ್ದು.

ಇನ್ನು ವಿಆರ್‌ಎಂ, ಅಂದರೆ ಪ್ರೊಸೆಸರಿಗೆ ಬೇಕಾದ ಕಡಿಮೆ ವೋಲ್ಟೇಜ್ ಮಾಡಿಕೊಡುವ ಭಾಗ. "16+2+2" ಅನ್ನುವ ಸ್ಟೇಜ್ (ಕರೆಂಟ್ ಹಂಚಿಕೊಳ್ಳುವ ಘಟಕ) ಸಂಖ್ಯೆ ನೋಡಿ ಮರುಳಾಗಬೇಡಿ. ನಾವೇ ಲೆಕ್ಕ ಹಾಕೋಣ. 170 ವ್ಯಾಟ್ ದರ್ಜೆಯ ಪ್ರೊಸೆಸರಿಗೆ ಸಾಕೆಟ್ ಮಿತಿ 230 ವ್ಯಾಟ್. 1.2 ವೋಲ್ಟ್ ಅಂದುಕೊಂಡರೆ ಸುಮಾರು 190 ಆಂಪಿಯರ್. 16 ಸ್ಟೇಜಿಗೆ ಹಂಚಿದರೆ ಒಂದಕ್ಕೆ 12. 8 ಸ್ಟೇಜಿಗೆ ಹಂಚಿದರೆ 24. ಒಂದೊಂದು 60 ಆಂಪಿಯರ್ ತಾಳುವ ಸ್ಟೇಜ್ ಆದರೆ ಎಂಟೇ ಸಾಕು, ಅಲ್ವಾ? ಸ್ಟೇಜ್ ಜಾಸ್ತಿ ಇದ್ದರೆ ಒಂದೊಂದೂ ಕಡಿಮೆ ಬಿಸಿಯಾಗುತ್ತದೆ, ಅದೇ ಲಾಭ. ಎಂಟು ಕೋರಿನ ಪ್ರೊಸೆಸರಿಗೆ ಅದಕ್ಕಾಗಿ ಸಾವಿರಾರು ರೂಪಾಯಿ ಸುರಿಯುವುದು ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಹೀಟ್‌ಸಿಂಕ್ ಮಾತ್ರ ಗಮನಿಸಿ. ಗಾಳಿ ಆಡುವಂತೆ ಸೀಳುಗಳಿರಬೇಕು. ಕಲಬುರಗಿ, ರಾಯಚೂರು ಕಡೆ ಬೇಸಿಗೆಯಲ್ಲಿ ಹೊರಗೇ 40 ಡಿಗ್ರಿ ದಾಟಿರುತ್ತದೆ. ಅಲ್ಲಿ ನುಣುಪಾದ ಲೋಹದ ಗಟ್ಟಿ, ಅದರ ಮೇಲೊಂದು ಪ್ಲಾಸ್ಟಿಕ್ ಮುಚ್ಚಳ ಇದ್ದು ಏನು ಪ್ರಯೋಜನ?

ರ‍್ಯಾಮ್ ವಿಷಯ ಚಿಕ್ಕದು, ಆದರೆ ದುಡ್ಡು ಉಳಿಸುವಂಥದ್ದು. ನಾಲ್ಕು ಸ್ಲಾಟ್ ಇದೆ ಅಂತ ನಾಲ್ಕನ್ನೂ ತುಂಬಬೇಡಿ. ರೈಜನ್ 7000ಕ್ಕೆ ಎಎಂಡಿ ಹೇಳುವ ಡಿಡಿಆರ್5 ವೇಗ ಎರಡು ಸ್ಟಿಕ್ಕಿಗೆ 5200 ಎಂಟಿ/ಸೆ (ಸೆಕೆಂಡಿಗೆ ದಶಲಕ್ಷ ವರ್ಗಾವಣೆ), ನಾಲ್ಕಕ್ಕೆ 3600. 64 ಜಿಬಿ ಬೇಕಿದ್ದರೆ 32ರ ಎರಡು ತಗೊಳ್ಳಿ. ಸಾಕೆಟ್ ಕಡೆಯಿಂದ ಎಣಿಸಿ 2 ಮತ್ತು 4ನೇ ಸ್ಲಾಟಿಗೆ ಹಾಕಿ.

ಈಗ ಜಾಗದ ಮಾತು. ವಿಸ್ತರಣೆ ಸ್ಲಾಟುಗಳ ನಡುವಿನ ಅಂತರ 20.32 ಮಿ.ಮೀ. ಈಗಿನ ದೊಡ್ಡ ಗ್ರಾಫಿಕ್ಸ್ ಕಾರ್ಡುಗಳು ಮೂರು ಸ್ಲಾಟ್ ದಪ್ಪ, ಅಂದರೆ ಕೆಳಗಿನ ಎರಡು ಸ್ಥಾನ ಮುಚ್ಚಿಹೋಯಿತು. ಅಲ್ಲೊಂದು ಚಿಕ್ಕ ಸ್ಲಾಟ್ ಇದ್ದರೆ ಅದು ಸುಮ್ನೆ ಇದೆ, ಅಷ್ಟೇ. ಕಾರ್ಡಿನ ಅಡಿಯ ಎಂ.2ಗೆ ಬಿಸಿಯೂ ತಟ್ಟುತ್ತದೆ. ಅದನ್ನು ತೆಗೆಯಲು ಕಾರ್ಡ್ ಬಿಚ್ಚಬೇಕು, ಕಾರ್ಡನ್ನು ಹಿಡಿದಿಡುವ ಲಾಚ್ ಕೂಲರ್ ಹಿಂದೆ ಅಡಗಿರುತ್ತದೆ. ಲಾಚ್ ಬಿಡಿಸುವ ಗುಂಡಿಯನ್ನು ಬೋರ್ಡಿನ ಅಂಚಿಗೆ ಕೊಟ್ಟಿದ್ದಾರಾ ನೋಡಿ. ಬೆರಳು ತೂರಿಸಿ ಒದ್ದಾಡಿದವರಿಗೆ ಆ ಪುಟ್ಟ ಗುಂಡಿಯ ಬೆಲೆ ಗೊತ್ತು.

ನಾನು ಹೆಚ್ಚು ದುಡ್ಡು ಕೊಡುವುದಾದರೆ ಎರಡಂಕಿಯ ದೋಷಸೂಚಕ ಪರದೆಗೆ, ಬಯಾಸ್ ಫ್ಲ್ಯಾಶ್‌ಬ್ಯಾಕ್ ಗುಂಡಿಗೆ (ಪೆನ್‌ಡ್ರೈವ್‌ನಿಂದ ನೇರವಾಗಿ ಬೋರ್ಡಿನ ಮೂಲ ತಂತ್ರಾಂಶ ನವೀಕರಿಸುವ ಗುಂಡಿ) ಕೊಡುತ್ತೇನೆ. ಆರ್‌ಜಿಬಿ ದೀಪಕ್ಕಲ್ಲ. ಎಎಂ5 ಬೋರ್ಡ್ ಮೊದಲ ಸಲ ಆನ್ ಮಾಡಿದಾಗ ರ‍್ಯಾಮ್ ಹೊಂದಿಸಿಕೊಳ್ಳಲು ಹಲವು ನಿಮಿಷ ಹಿಡಿಯಬಹುದು. ಅಷ್ಟೂ ಹೊತ್ತು ಮಾನಿಟರ್ ಕಪ್ಪು. ಬೋರ್ಡ್ ಕೆಟ್ಟಿದೆ ಅಂತ ಹೆದರಿ ಕರೆಂಟ್ ತೆಗೆದುಬಿಡುತ್ತೇವೆ, ಆಗ ಎಲ್ಲ ಮತ್ತೆ ಮೊದಲಿನಿಂದ ಶುರು. ಬೋರ್ಡಿನ ಮೇಲೆ ಮೆಮೊರಿ ಸೂಚಕ ಉರಿಯುತ್ತಿದ್ದರೆ ಹತ್ತು ನಿಮಿಷವಾದರೂ ಮುಟ್ಟದೆ ಕಾಯಿರಿ.