ಒಡೆಯುತ್ತದೆ ಅಂತ ಗೊತ್ತು, ಎಲ್ಲಿ ಅಂತ ಗೊತ್ತಿಲ್ಲ

ಒಂದು ಸಂಖ್ಯೆ ಇದೆ. ಅದರಲ್ಲಿ 50,50,446 ಅಂಕಿಗಳಿವೆ. 1,67,77,216 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಕೊನೆಗೆ 1 ಕೂಡಿಸಿದರೆ ಅದು ಸಿಗುತ್ತದೆ. ಹೆಸರು 24ನೇ ಫರ್ಮಾ ಸಂಖ್ಯೆ, ಚುಟುಕಾಗಿ ಎಫ್24. ಆ 1,67,77,216 ಅನ್ನೋದು 24 ಎರಡುಗಳ ಗುಣಲಬ್ಧ. 24ರ ಜಾಗದಲ್ಲಿ 2 ಇಟ್ಟರೆ ನಾಲ್ಕು ಎರಡುಗಳ ಗುಣಲಬ್ಧಕ್ಕೆ 1 ಕೂಡಿಸಿ 17, ಅದು ಎಫ್2. ಅದು ಅವಿಭಾಜ್ಯವಲ್ಲ, ಸಂಯುಕ್ತ ಸಂಖ್ಯೆ ಅಂತ 1999ರಲ್ಲೇ ಸಾಬೀತಾಗಿದೆ. ಅಂದರೆ ಯಾವುದೋ ಚಿಕ್ಕ ಸಂಖ್ಯೆ ಅದನ್ನು ಶೇಷ ಉಳಿಸದೆ ಭಾಗಿಸಲೇಬೇಕು. ಯಾವುದು ಅಂತ ಕೇಳಿದರೆ ಉತ್ತರ ಇಲ್ಲ. ಒಂದೇ ಒಂದು ಅಪವರ್ತನವೂ ಇನ್ನೂ ಸಿಕ್ಕಿಲ್ಲ.

ಭಾಗಿಸುವ ಸಂಖ್ಯೆಯೇ ಕೈಗೆ ಸಿಗದಿದ್ದರೆ ಸಂಯುಕ್ತ ಅಂತ ಹೇಳುವುದು ಹೇಗೆ? 91ನ್ನು ತೆಗೆದುಕೊಳ್ಳೋಣ. ನೋಡೋಕೆ ಅವಿಭಾಜ್ಯದ ಹಾಗೇ ಇದೆ, ಅಲ್ವಾ? ಫ್ರೆಂಚ್ ಗಣಿತಜ್ಞ ಫರ್ಮಾ 17ನೇ ಶತಮಾನದಲ್ಲಿ ಕಂಡುಕೊಂಡ ನಿಯಮದ ಪ್ರಕಾರ, 91 ಅವಿಭಾಜ್ಯವಾಗಿದ್ದರೆ 90 ಎರಡುಗಳ ಗುಣಲಬ್ಧವನ್ನು ಅದರಿಂದ ಭಾಗಿಸಿದಾಗ ಶೇಷ 1 ಬರಬೇಕು. ಹನ್ನೆರಡು ಎರಡುಗಳನ್ನು ಗುಣಿಸಿದರೆ 4,096. ಅದು 91ರ 45 ಪಟ್ಟಿಗಿಂತ ಒಂದು ಜಾಸ್ತಿ, ಹಾಗಾಗಿ ಶೇಷ 1. ಇಂಥ ಏಳು ಗುಂಪು ಸೇರಿದರೆ 84 ಎರಡುಗಳು, ಆಗಲೂ ಶೇಷ 1. ಉಳಿದ ಆರು ಎರಡುಗಳ ಗುಣಲಬ್ಧ 64. ಕೊನೆಯ ಶೇಷ 64, 1 ಅಲ್ಲ. ಮುಗಿಯಿತು, 91 ಅವಿಭಾಜ್ಯವಲ್ಲ. 7 ಆಗಲಿ 13 ಆಗಲಿ ಈ ಲೆಕ್ಕದಲ್ಲಿ ತಲೆಯನ್ನೇ ಹಾಕಲಿಲ್ಲ.

ಆದರೆ ಈ ಪರೀಕ್ಷೆ ಕೆಲವೊಮ್ಮೆ ಮೋಸ ಹೋಗುತ್ತದೆ. 341 ಅಂದರೆ 11 ಗುಣಿಸು 31, ಆದರೂ ಅದು ಇಲ್ಲಿ ಪಾಸಾಗುತ್ತದೆ. ಫರ್ಮಾ ಸಂಖ್ಯೆಗಳಂತೂ ಒಂದೂ ಬಿಡದೆ ಪಾಸು! ಅವಕ್ಕೆ ಬೇರೆ ಮದ್ದು ಬೇಕಿತ್ತು. 1877ರಲ್ಲಿ ಗಣಿತಜ್ಞ ಪೆಪಿನ್ ಕೊಟ್ಟರು: 3ರಿಂದ ಶುರು ಮಾಡಿ, ವರ್ಗ ಮಾಡಿ, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ, ಮತ್ತೆ ವರ್ಗ ಮಾಡಿ. ಎಫ್2, ಅಂದರೆ 17ಕ್ಕೆ ಮೂರು ಸುತ್ತು ಸಾಕು. 3ರ ವರ್ಗ 9. 9ರ ವರ್ಗ 81, ಶೇಷ 13. 13ರ ವರ್ಗ 169, ಶೇಷ 16. ಕೊನೆಗೆ ಮೂಲ ಸಂಖ್ಯೆಗಿಂತ ಒಂದು ಕಡಿಮೆ ಬಂದರೆ ಅವಿಭಾಜ್ಯ, ಬೇರೇನು ಬಂದರೂ ಸಂಯುಕ್ತ. ಇಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ. ಎಫ್24ಕ್ಕೆ ಇದೇ ಆಟವನ್ನು 1,67,77,215 ಸುತ್ತು ಆಡಬೇಕಾಯಿತು. ಪ್ರತಿ ಸುತ್ತಿನಲ್ಲೂ ಐವತ್ತು ಲಕ್ಷ ಅಂಕಿಗಳ ಗುಣಾಕಾರ. ಕಂಪ್ಯೂಟರ್ ಇಲ್ಲದೆ ಆಗದ ಮಾತು. 1987ರಲ್ಲಿ ಸಿಕ್ಕಿಬಿದ್ದ ಎಫ್20ರ ಕತೆಯೂ ಇದೇ: ಸಂಯುಕ್ತ ಅಂತ ಗೊತ್ತು, ಅಪವರ್ತನ ಗೊತ್ತಿಲ್ಲ.

ಈ ಸಂಖ್ಯೆಗಳೆಲ್ಲ ಅವಿಭಾಜ್ಯ ಅಂತ ಫರ್ಮಾ ನಂಬಿದ್ದರು. 1732ರಲ್ಲಿ ಗಣಿತಜ್ಞ ಆಯ್ಲರ್ ಆ ನಂಬಿಕೆಯನ್ನು ಮುರಿದರು. ಎಫ್5, ಅಂದರೆ 4,29,49,67,297, 641ರಿಂದ ಭಾಗವಾಗುತ್ತದೆ. ಇನ್ನೊಂದು ಅಪವರ್ತನ 67,00,417. ಅವರು ಸುಮ್ನೆ ಹುಡುಕಲಿಲ್ಲ. ಎಫ್5ರ ಅಪವರ್ತನ ಯಾವುದಾದರೂ ಅದು 64ರ ಗುಣಕಕ್ಕಿಂತ ಒಂದು ಹೆಚ್ಚಿರಲೇಬೇಕು. ಆ ಸಾಲಿನ ಅವಿಭಾಜ್ಯಗಳು 193, 257, 449, 577, 641. ಐದನೆಯದೇ ಬೇಕಾದದ್ದು! ಎಫ್24ಕ್ಕೂ ಇಂಥ ಸಾಲಿದೆ, ಆದರೆ ಅಲ್ಲಿ 64ರ ಜಾಗದಲ್ಲಿ 6,71,08,864 ಕೂತಿದೆ. ಸಾಲು ಎಷ್ಟು ದೂರ ಹೋದಮೇಲೆ ಅಪವರ್ತನ ಸಿಗುತ್ತದೆ ಅಂತ ಹೇಳುವ ನಿಯಮ ಯಾವುದೂ ಇಲ್ಲ.

ಸಂಯುಕ್ತ ಅಂತ ತಿಳಿಯುವುದಕ್ಕೂ ಒಡೆದು ತೋರಿಸುವುದಕ್ಕೂ ಇರುವ ಈ ಅಂತರದ ಮೇಲೇ ಇಂಟರ್ನೆಟ್ಟಿನಲ್ಲಿ ಮಾಹಿತಿಯನ್ನು ಗುಟ್ಟಾಗಿಡಲು ಬಳಸುವ ಆರ್‌ಎಸ್‌ಎ ಗೂಢಲಿಪಿ ನಿಂತಿದೆ. ಅದಕ್ಕೆ ಲಕ್ಷಗಟ್ಟಲೆ ಅಂಕಿ ಬೇಡ, 617 ಅಂಕಿಗಳ ಸಂಖ್ಯೆಯೇ ಸಾಕಾಗುತ್ತದೆ.

ಎಫ್5ರಿಂದ ಎಫ್32ರವರೆಗಿನ ಎಲ್ಲವೂ ಸಂಯುಕ್ತ ಅಂತ ಈಗ ಗೊತ್ತಿದೆ. ಎಫ್33ರಲ್ಲಿ ಅದೂ ಗೊತ್ತಿಲ್ಲ. ಅದರಲ್ಲಿರುವುದು ಸುಮಾರು 258 ಕೋಟಿ ಅಂಕಿ. ಪೆಪಿನ್ ಪರೀಕ್ಷೆ ಮಾಡಬೇಕಾದರೆ 858 ಕೋಟಿಗೂ ಹೆಚ್ಚು ಸುತ್ತು. ಅದರ ಬದಲು ಒಂದು ಚಿಕ್ಕ ಅಪವರ್ತನ ಸಿಕ್ಕಿಬಿಟ್ಟರೆ ಕೆಲಸ ಸಲೀಸು ಅಂತ ಹುಡುಕುವವರು ಆ ದಾರಿಯನ್ನೇ ಹಿಡಿದಿದ್ದಾರೆ.